ನಿಂತ ಗಾಡಿಯ ಋಣ

ಜಯನಗರದ ಅಡ್ಡರಸ್ತೆಗಳಲ್ಲಿ ಬೆಳಗ್ಗೆ ವಾಕಿಂಗ್ ಹೋಗುವವರಿಗೆಲ್ಲ ಈ ನೋಟ ಪರಿಚಿತ. ಹಳೆಯ ಮನೆ, ಮುಂದೆ ಸಣ್ಣ ಕಾಂಪೌಂಡು, ಹೊಂಗೆ ಮರದಡಿ ಕವರ್ ಹೊದ್ದು ನಿಂತ ಒಂದು ಕಾರು. ಕವರು ಒಂದು ಕಾಲಕ್ಕೆ ಬೆಳ್ಳಿ ಬಣ್ಣದ್ದಾಗಿತ್ತು. ಈಗ ಅಲ್ಲಲ್ಲಿ ಹರಿದಿದೆ, ಹರಿದಲ್ಲಿ ಪ್ಲಾಸ್ಟಿಕ್ ಹಗ್ಗ ಬಿಗಿದಿದ್ದಾರೆ. ಟೈರುಗಳ ಗಾಳಿ ಇಳಿದು ಗಾಡಿ ನೆಲಕ್ಕೆ ಕೂತಿದೆ. ಒಳಗಿರುವುದು ಯಾವ ಗಾಡಿ ಎಂದು ಕವರಿನ ಉಬ್ಬು ನೋಡಿಯೇ ಹೇಳಬಹುದು. ಬೆನ್ನು ದುಂಡಗಿದ್ದರೆ ಅಂಬಾಸಿಡರ್. ಹಿಂಭಾಗದ ಎರಡು ಅಂಚುಗಳಲ್ಲಿ ಸಣ್ಣ ಏಣು ಕಂಡರೆ ಫಿಯೆಟ್. ಮನೆಯವರನ್ನು ಮಾತಾಡಿಸಿದರೆ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ: "ನಮ್ಮ ತಂದೆಯವರದು. ಯಾರಿಗೂ ಕೊಡಲ್ಲ. ಒಂದು ದಿನ ರೆಡಿ ಮಾಡಿಸಬೇಕು."

ಈ ಮಾತು ಹೇಳುವವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅವರು ಹೇಳುವ ಆ ಒಂದು ದಿನಕ್ಕೆ ಕಬ್ಬಿಣ ಕಾಯುವುದಿಲ್ಲ. ಪ್ರತಿ ಮಳೆಗಾಲವೂ ಒಂದಿಷ್ಟು ತಿಂದು ಹೋಗುತ್ತದೆ. ಮುಂದಿನ ಗಾಜಿನ ಬುಡದಲ್ಲಿ ಎಲೆ ತುಂಬಿ ನೀರು ಹೋಗುವ ದಾರಿ ಕಟ್ಟುತ್ತದೆ, ನೀರು ಒಳಕ್ಕಿಳಿದು ಮ್ಯಾಟಿನಡಿ ನಿಲ್ಲುತ್ತದೆ, ಕಾಲಿಡುವ ಜಾಗದ ತಗಡು ಸದ್ದಿಲ್ಲದೆ ಕೊಳೆಯುತ್ತದೆ. ಮೇಲೆ ಕವರ್ ಹೊದಿಸಿದವರಿಗೆ ಗಾಡಿ ಜೋಪಾನವಾಗಿದೆ ಎಂಬ ನೆಮ್ಮದಿ. ಹೊದಿಸಿದ ಆ ಕವರೇ ತೇವವನ್ನು ಒಳಗೆ ಹಿಡಿದಿಡುತ್ತಿರುತ್ತದೆ. ಒಂದು ವಸ್ತುವನ್ನು ಬಿಟ್ಟುಕೊಡಲೂ ಆಗದೆ, ನೋಡಿಕೊಳ್ಳಲೂ ಆಗದೆ ಸುಮ್ಮನೆ ಹಿಡಿದಿಟ್ಟುಕೊಳ್ಳುವುದು ಅದಕ್ಕೆ ಮಾಡುವ ಅನ್ಯಾಯ ಎಂದೇ ನಾನು ನಂಬಿದ್ದೇನೆ.

ಈ ಗಾಡಿಗಳ ಮೇಲೆ ಇಷ್ಟು ಮಮತೆ ಏಕೆ ಎಂಬುದು ಇವತ್ತಿನ ಮಕ್ಕಳಿಗೆ ಅರ್ಥವಾಗುವುದು ಕಷ್ಟ. ಆಗ ಶೋರೂಮಿಗೆ ಹೋಗಿ ಸಾಲದ ಕಾಗದಕ್ಕೆ ಸಹಿ ಹಾಕಿ ವಾರದೊಳಗೆ ಕಾರು ತರುವ ಕಾಲವಲ್ಲ. ಕೊಳ್ಳಲು ಇದ್ದದ್ದೇ ಮುಖ್ಯವಾಗಿ ಮೂರು: ಉತ್ತರಪಾರಾದ ಅಂಬಾಸಿಡರ್, ಮುಂಬೈಯ ಕುರ್ಲಾದ ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಫಿಯೆಟ್ 1100 ನಮ್ಮಲ್ಲಿ 1964ರಿಂದ ಡಿಲೈಟ್ ಆಗಿ, ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಿಂದ ಪದ್ಮಿನಿಯಾಗಿ ಓಡಿತು. ಹೆಸರು ಬದಲಾದರೂ ಜನ ಕೊನೆಯವರೆಗೂ ಫಿಯೆಟ್ ಎಂದೇ ಕರೆದರು. ದುಡ್ಡು ಕಟ್ಟಿ ಬುಕ್ ಮಾಡಿ ವರ್ಷಗಟ್ಟಲೆ ಕಾದವರೆಷ್ಟೋ ಮಂದಿ. ಮಗಳ ಮದುವೆಗೆ ಬಂದೀತು ಎಂದುಕೊಂಡ ಕಾರು ಮೊಮ್ಮಗನ ನಾಮಕರಣಕ್ಕೆ ಬಂದ ಮನೆಗಳಿದ್ದವು. ಅಷ್ಟು ಕಾದು ಬಂದದ್ದನ್ನು ಗುಜರಿಗೆ ಹಾಕು ಎಂದರೆ ಯಾರ ಬಾಯಲ್ಲಿ ಹೂಂ ಬರುತ್ತದೆ?

ಫಿಯೆಟ್ ಎಂದಾಗ ನನಗೆ ತಪ್ಪದೆ ನೆನಪಾಗುವುದು ಲಾಲ್ ಬಹಾದೂರ್ ಶಾಸ್ತ್ರಿಯವರ ಕಾರು. ಪ್ರಧಾನಿಯಾಗಿದ್ದಾಗ ಮನೆಯವರ ಒತ್ತಾಯಕ್ಕೆ ಅವರೊಂದು ಫಿಯೆಟ್ ಕೊಂಡರು. ಬೆಲೆ 12,000 ರೂಪಾಯಿ. ಕೈಯಲ್ಲಿ ಅಷ್ಟಿರಲಿಲ್ಲ, ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ 5,000 ಸಾಲ ಮಾಡಿದರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ತೀರಿಕೊಂಡಾಗ ಸಾಲ ಹಾಗೇ ಇತ್ತು. ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ಅದನ್ನು ತೀರಿಸಿದರು. ಕಾರು ಇಂದಿಗೂ ದೆಹಲಿಯ ಅವರ ಸ್ಮಾರಕದಲ್ಲಿದೆ. ಆ ಕಾರಿನ ಹೊಳಪಿಗಿಂತ ನನ್ನ ಮನಸ್ಸಿನಲ್ಲಿ ನಿಂತಿರುವುದು ಆಕೆ ತೀರಿಸಿದ ಆ ಸಾಲ. ಹೋದವರ ವಸ್ತು ನಮ್ಮ ಪಾಲಿಗೆ ಬಂದಾಗ ಅದರ ಬಾಕಿಯೂ ಜೊತೆಗೇ ಬರುತ್ತದೆ. ಬ್ಯಾಂಕಿನ ಬಾಕಿಯಾದರೆ ನೋಟಿಸು ಬಂದು ಎಚ್ಚರಿಸುತ್ತದೆ. ಆರೈಕೆಯ ಬಾಕಿಯನ್ನು ಕೇಳಲು ಯಾರೂ ಬಾಗಿಲಿಗೆ ಬರುವುದಿಲ್ಲ.

ನಮ್ಮ ಎದುರುಮನೆಯ ರಾಯರದೂ ಇಂಥದೇ ಒಂದು ಗಾಡಿ. 1977ರ ಪದ್ಮಿನಿ, ಕೆಎ ಎಂಬ ಅಕ್ಷರ ಬರುವುದಕ್ಕೆ ಎಷ್ಟೋ ಮೊದಲಿನ ನಂಬರು. ಅವರ ತಂದೆ ತೀರಿಕೊಂಡ ಮೇಲೆ ಅದು ಗೇಟಿನಾಚೆ ಬಂದದ್ದಿಲ್ಲ. ಆದರೆ ವರ್ಷವರ್ಷವೂ ಆಯುಧಪೂಜೆಗೆ ಕವರು ತೆಗೆದು, ತೊಳೆದು, ಬಾಳೆಕಂದು ಕಟ್ಟಿ, ಬಾನೆಟ್ಟಿಗೆ ವಿಭೂತಿ ಕುಂಕುಮ ಇಟ್ಟು, ನಾಲ್ಕೂ ಚಕ್ರದ ಮುಂದೆ ನಿಂಬೆಹಣ್ಣು ಇಡುತ್ತಿದ್ದರು. ಬೀದಿಯ ಉಳಿದ ಗಾಡಿಗಳೆಲ್ಲ ಒಂದು ಮಾರು ಮುಂದೆ ಹೋಗಿ ನಿಂಬೆಹಣ್ಣು ಅಪ್ಪಚ್ಚಿ ಮಾಡಿ ನಿಲ್ಲುತ್ತಿದ್ದವು. ಈ ಗಾಡಿಯ ಮುಂದೆ ಇಟ್ಟ ಹಣ್ಣು ಮಾತ್ರ ಇಟ್ಟಹಾಗೇ ಇದ್ದು, ಒಣಗಿ, ಕೊನೆಗೆ ಕಸ ಗುಡಿಸುವವರ ಮೊರಕ್ಕೆ ಹೋಗುತ್ತಿತ್ತು. ಆಯುಧಪೂಜೆ ಎಂದರೆ ದುಡಿಯುವ ವಸ್ತುವಿಗೆ ಸಲ್ಲುವ ಮರ್ಯಾದೆ. ದುಡಿಯಲಾರದಂತೆ ನಾವೇ ಕಟ್ಟಿಹಾಕಿದ ವಸ್ತುವಿಗೆ ಕುಂಕುಮವಿಟ್ಟು ಕೈಮುಗಿದಾಗ ಆ ಮರ್ಯಾದೆ ಯಾರಿಗೆ ಮುಟ್ಟುತ್ತದೆ ಎಂದು ಪ್ರತಿ ಸಲವೂ ನನಗನ್ನಿಸುತ್ತಿತ್ತು.

ನಿವೃತ್ತಿಯಾದ ಮೇಲೆ ರಾಯರು ಕೆಲಸಕ್ಕೆ ಕೈಹಾಕಿದರು. ತಿಲಕ್‌ನಗರದ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಭಾನುವಾರಗಳಲ್ಲಿ ಬರಲು ಒಪ್ಪಿದರು. ಹರೆಯದಿಂದಲೂ ಫಿಯೆಟ್ಟಿನ ಕೆಲಸವನ್ನೇ ಮಾಡಿದ ಕೈ. ರಾಯರು ಅವರನ್ನು ಭಾಯ್ ಎನ್ನುತ್ತಿದ್ದರು, ಅವರು ಇವರನ್ನು ಸಾರ್ ಎನ್ನುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಬೇಕಾದ್ದನ್ನು ಎತ್ತಿ ಕೊಡುವ ಕೆಲಸಕ್ಕೆ.

ಗಾಡಿ ಬಿಚ್ಚುವ ದಿನಗಳ ಸಂಭ್ರಮವೇ ಬೇರೆ. ಸಂಜೆಯ ಹೊತ್ತಿಗೆ ಇಷ್ಟು ಮಾಡಿದೆವು ಎಂದು ಕಣ್ಣಿಗೆ ಕಾಣುತ್ತದೆ. ಬಂಪರ್ ಬಂತು, ಗ್ರಿಲ್ ಬಂತು, ಸೀಟು ಬಂತು. ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಸೀಮೆಎಣ್ಣೆಯಲ್ಲಿ ಒರೆಸಿದಾಗ ಬಿಳಿ ಪಿಂಗಾಣಿಯ ಮೇಲೆ ಮೈಕೋ ಎಂಬ ಅಚ್ಚು ಕಂಡಿತು. ಆಡುಗೋಡಿಯ ಮೈಕೋ! 1951ರಲ್ಲಿ ಹುಟ್ಟಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪನಿ. ಅಲ್ಲಿನ ನೌಕರರಿಂದಲೇ ಬಿ.ಟಿ.ಎಂ. ಪಕ್ಕದ ಬಡಾವಣೆಗೆ ಮೈಕೋ ಲೇಔಟ್ ಎಂಬ ಹೆಸರು ಬಂತು. ಕುರ್ಲಾದಲ್ಲಿ ಕೂಡಿಸಿದ ಗಾಡಿಯ ಕಿಡಿ ನಮ್ಮ ನೆರೆಯ ಬಡಾವಣೆಯದು ಎಂದು ತಿಳಿದ ಆ ಗಳಿಗೆಯಲ್ಲಿ ನಮಗಾದ ಖುಷಿ ಸಣ್ಣದಲ್ಲ.

ಬಿಚ್ಚಿದ ಪ್ರತಿ ಬೋಲ್ಟು, ನಟ್ಟು, ಸ್ಕ್ರೂವನ್ನು ರಾಯರು ಹಳೆಯ ಹಾರ್ಲಿಕ್ಸ್, ಬೋರ್ನ್‌ವಿಟಾ ಡಬ್ಬಗಳಲ್ಲಿ ಹಾಕಿ ಮೇಲೆ ಚೀಟಿ ಅಂಟಿಸಿದರು. "ಮುಂದಿನ ಬಲ ಬಾಗಿಲು", "ಡ್ಯಾಶ್‌ಬೋರ್ಡ್ ಮೇಲಿನ ಸಾಲು", ಹೀಗೆ ಮುತ್ತು ಪೋಣಿಸಿದಂಥ ಅಕ್ಷರ. ಭಾಯ್ ಅದನ್ನು ನೋಡಿ ಮೆಚ್ಚಿ ತಲೆದೂಗಿದರು. ಹೆಚ್ಚಿನ ಗಾಡಿಗಳು ಸಾಯುವುದು ಇದೇ ಹಂತದಲ್ಲಿ ಎಂದರು. ಬಿಚ್ಚುವುದಕ್ಕೆ ಉತ್ಸಾಹ ಸಾಕು, ಕೂಡಿಸುವುದಕ್ಕೆ ನೆನಪು ಬೇಕು. ನಡುವೆ ಆರು ತಿಂಗಳು ಬಿಟ್ಟರೆ ಯಾವ ಬೋಲ್ಟು ಎಲ್ಲಿಯದು ಎಂಬುದೇ ಮರೆತು, ಮನೆಯ ಮೂಲೆಯಲ್ಲಿ ಚೀಲ ತುಂಬ ಕಬ್ಬಿಣ ಉಳಿಯುತ್ತದೆ.

ಇಂಜಿನ್ ಜಾಮ್ ಆಗಿತ್ತು. ಪ್ಲಗ್ಗಿನ ತೂತುಗಳಿಂದ ಡೀಸೆಲ್ ಇಳಿಬಿಟ್ಟು ದಿನಗಟ್ಟಲೆ ನೆನೆಯಲು ಬಿಟ್ಟೆವು. ಒಂದು ಭಾನುವಾರ ಭಾಯ್ ಮುಂದಿನ ಪುಲ್ಲಿಯ ನಟ್ಟಿಗೆ ಉದ್ದನೆಯ ಸ್ಪ್ಯಾನರ್ ಕೊಟ್ಟು, ಎಳೆಯದೆ, ಬರೀ ಮೈಭಾರ ಬಿಟ್ಟು ಒತ್ತಿ ಹಿಡಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಒಂದು ಕೂದಲೆಳೆಯಷ್ಟು ಜರುಗಿತು. ಅಷ್ಟಕ್ಕೇ ಅವರು ಕೈ ತೆಗೆದು, "ಸಾಕು ಸಾರ್, ಇವತ್ತಿಗೆ ಇಷ್ಟೇ" ಎಂದು ಎದ್ದುಬಿಟ್ಟರು. ಜೋರು ಮಾಡಿದರೆ ರಿಂಗು ಮುರಿಯುತ್ತದೆ. ಮುಂದಿನ ವಾರ 1089 ಸಿಸಿಯ ಆ ಇಂಜಿನ್ ಒಂದು ಸುತ್ತು ತಿರುಗಿತು. ಬಲವಿದ್ದೂ ಅಷ್ಟಕ್ಕೇ ನಿಲ್ಲಿಸುವ ಆ ಸಂಯಮವನ್ನು ನಾನು ದೊಡ್ಡ ದೊಡ್ಡ ಹುದ್ದೆಗಳಲ್ಲಿ ಕೂತವರಲ್ಲೂ ಕಂಡದ್ದು ಅಪರೂಪ.

ಇಳಿತ ಶುರುವಾದದ್ದು ಮ್ಯಾಟು ಎತ್ತಿದಾಗ. ಡ್ರೈವರ್ ಕಾಲಿಡುವ ಜಾಗದಲ್ಲಿ ನೆಲ ಕಾಣಿಸಿತು, ಗಾಡಿಯ ನೆಲವಲ್ಲ, ಕಾಂಪೌಂಡಿನ ಸಿಮೆಂಟು. ಬಾಗಿಲ ಕೆಳಗಿನ ಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಮುಟ್ಟಿದರೆ ಪುಡಿಪುಡಿಯಾಗಿ ಉದುರಿತು. ಹೆರಾಲ್ಡಿನಂಥ ಗಾಡಿಗೆ ಕೆಳಗೆ ಬೇರೆಯೇ ಚಾಸಿ ಇರುತ್ತದೆ, ಮೇಲಿನ ಮೈ ಕೊಳೆತರೂ ಬೆನ್ನೆಲುಬು ಉಳಿಯುತ್ತದೆ. ಪದ್ಮಿನಿಗೆ ಹಾಗಿಲ್ಲ. ಅದರ ಮೈಯೇ ಚಾಸಿ. ನೆಲ ಮತ್ತು ಬಾಗಿಲ ಕೆಳಗಿನ ಪಟ್ಟಿಗಳೇ ಇಡೀ ಗಾಡಿಯ ಭಾರ ಹೊರುವುದು. ಅವು ಹೋದರೆ ಹೊರಗೆ ಎಷ್ಟು ಚೆನ್ನಾಗಿ ಕಂಡರೂ ಆ ಗಾಡಿಯಲ್ಲಿ ಮಕ್ಕಳನ್ನು ಕೂರಿಸಬಾರದು.

ಇಲ್ಲಿ ಎರಡು ದಾರಿ. ತುಕ್ಕಿನ ಮೇಲೆ ತಗಡಿನ ತೇಪೆ ಹಾಕಿ, ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆಯುವುದು ಒಂದು. ತಿಂಗಳೊಳಗೆ ಗಾಡಿ ಫಳಫಳ ಹೊಳೆಯುತ್ತದೆ, ಎರಡು ಮಳೆಗಾಲ ಕಳೆದ ಮೇಲೆ ಬಣ್ಣ ಗುಳ್ಳೆಯೇಳುತ್ತದೆ. ಕೊಳೆತದ್ದನ್ನೆಲ್ಲ ಒಳ್ಳೆಯ ಕಬ್ಬಿಣ ಸಿಗುವವರೆಗೆ ಕತ್ತರಿಸಿ, ಹೊಸ ಶೀಟು ಬಗ್ಗಿಸಿ ವೆಲ್ಡ್ ಮಾಡುವುದು ಇನ್ನೊಂದು. ಹಾಗೆ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯಬೇಕು. ಇಲ್ಲದಿದ್ದರೆ ನೆಲವಿಲ್ಲದ ಗಾಡಿ ನಡುವಿನಲ್ಲಿ ಕುಸಿದು ಬಾಗಿಲುಗಳು ಮತ್ತೆಂದೂ ಸರಿಯಾಗಿ ಕೂರುವುದಿಲ್ಲ. ರಾಯರು ಎರಡನೆಯ ದಾರಿ ಹಿಡಿದರು. ಖರ್ಚು ಲಕ್ಷಗಳಿಗೆ ಏರಿತು. ಇದರ ನಡುವೆ, ಟಿಂಕರಿಂಗಿಗೆಂದು ಒಪ್ಪಿಸಿದ ಒಂದು ವರ್ಕ್‌ಶಾಪು ಮುಂಗಡ ಇಸಿದುಕೊಂಡು, ಬಣ್ಣ ಕೆರೆದ ಬರೀ ತಗಡಿನ ಮೈಯನ್ನು ಒಂದಿಡೀ ಮಳೆಗಾಲ ಬಯಲಿನಲ್ಲಿ ನಿಲ್ಲಿಸಿತ್ತು. ಮರಳಿ ತಂದಾಗ ಇಡೀ ಗಾಡಿ ಕೆಂಪು ಕಾವಿ ಬಳಿದಂತಿತ್ತು. ಆ ದಿನ ರಾಯರು ಊಟ ಮಾಡಲಿಲ್ಲ ಎಂದು ಅವರ ಮನೆಯವರು ಹೇಳಿದರು.

ಸಾಮಾನು ಹುಡುಕುವುದು ಇನ್ನೊಂದು ತಪಸ್ಸು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೆಲವಕ್ಕೆ ಅದೃಷ್ಟವಿದ್ದರೆ ಎಣ್ಣೆಕಾಗದ ಸುತ್ತಿದ ಹಳೆಯ ಸ್ಟಾಕ್ ಸಿಗುತ್ತದೆ, ಶಿವಾಜಿನಗರದ ಗುಜರಿಯಲ್ಲಿ ಸತ್ತ ಗಾಡಿಗಳ ಭಾಗ ಸಿಗುತ್ತದೆ. ಪದ್ಮಿನಿಯಾದರೂ ವಾಸಿ, ಲಕ್ಷಗಟ್ಟಲೆ ಓಡಿದ ಗಾಡಿ. ನಮ್ಮ ಬೆಂಗಳೂರಿನದೇ ಆದ ಸಿಪಾನಿ ಡಾಲ್ಫಿನ್ ಇಟ್ಟುಕೊಂಡವರ ಪಾಡು ಕೇಳಬೇಡಿ. ಎಂಬತ್ತರ ದಶಕದ ಆ ಪುಟ್ಟ ಎರಡು ಬಾಗಿಲ ಕಾರಿನ ಮೈ ಫೈಬರ್ ಗ್ಲಾಸಿನದು, ತುಕ್ಕಿನ ಮಾತೇ ಇಲ್ಲ. ಆದರೆ ತಯಾರಾದದ್ದೇ ಕಡಿಮೆ, ಹಾಗಾಗಿ ಒಂದು ಗಾಜು ಒಡೆದರೆ ಊರೆಲ್ಲ ಅಲೆಯಬೇಕು. ನಮ್ಮೂರಿನ ಕಾರನ್ನೇ ನಾವು ಇಷ್ಟು ಸುಲಭವಾಗಿ ಮರೆತದ್ದು ನನಗೆ ನೋವಿನ ಸಂಗತಿ.

ಪೆಟ್ರೋಲ್ ಕೂಡ ಬದಲಾಗಿದೆ. ಈ ಇಂಜಿನ್‌ಗಳನ್ನು ಮಾಡಿದ್ದು ಸೀಸ ಬೆರೆಸಿದ ಪೆಟ್ರೋಲಿಗೆ. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು, ಊರಿನ ಮಕ್ಕಳ ಆರೋಗ್ಯಕ್ಕೆ ಅದು ನಿಲ್ಲಲೇಬೇಕಿತ್ತು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ. ಪೈಪು, ವಾಷರು, ಡಯಾಫ್ರಾಮು ಎಲ್ಲವನ್ನೂ ಈಗಿನ ಪೆಟ್ರೋಲಿಗೆ ತಡೆಯುವಂಥದಕ್ಕೆ ಬದಲಾಯಿಸಬೇಕು. ಎಲ್ಲ ಒರಿಜಿನಲ್ಲೇ ಇರಬೇಕು ಎಂದು ಪಟ್ಟು ಹಿಡಿಯುವವರನ್ನು ಕಂಡರೆ ನನಗೆ ಒಪ್ಪಿಗೆಯಾಗುವುದಿಲ್ಲ. ಬದುಕಿ ಓಡಾಡಬೇಕಾದ್ದು ಈಗಿನ ಕಾಲದ ಅನ್ನವನ್ನೇ ಉಣ್ಣಬೇಕು.

ಇಷ್ಟು ದುಡ್ಡು ಒಂದು ಹಳೆ ಕಾರಿಗೆ ಸುರಿಯುವುದು ಸರಿಯೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಹೊಸ ಕಾರು ಕೊಂಡಾಗ ಬಹುಪಾಲು ಹಣ ದೂರದ ಕಾರ್ಖಾನೆಗೆ ಹೋಗುತ್ತದೆ. ಹಳೆಯದನ್ನು ಎಬ್ಬಿಸುವಾಗ ಅದು ಇಲ್ಲೇ ಸುತ್ತುಮುತ್ತಲಿನ ಕೈಗಳಿಗೆ ಹೋಗುತ್ತದೆ: ಲೇತ್‌ನವನಿಗೆ, ಕುಶನ್ ಕೆಲಸದವನಿಗೆ, ಕ್ರೋಮ್ ಹಾಕುವವನಿಗೆ, ಕಾರ್ಬೊರೇಟರನ್ನು ಕಿವಿಗೊಟ್ಟೇ ಟ್ಯೂನ್ ಮಾಡುವ ಮುದುಕನಿಗೆ. ಈ ವಿದ್ಯೆ ಯಾವ ಶಾಲೆಯಲ್ಲೂ ಇಲ್ಲ. ಗಾಡಿಗಳು ಕವರಿನಡಿ ಮಲಗಿದಷ್ಟು ಕಾಲ ಈ ಕೈಗಳೂ ಕೆಲಸವಿಲ್ಲದೆ ಮರೆಯುತ್ತವೆ. ಭಾಯ್ ಅವರ ಮಗ ಸ್ಪ್ಯಾನರ್ ಹಿಡಿಯಲಿಲ್ಲ, ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅವನದು ತಪ್ಪಲ್ಲ.

ಹೊಗೆಯ ಮಾತನ್ನೂ ಮುಚ್ಚಿಡಬಾರದು. ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಹಳೆಯ ಗಾಡಿ ಹೊಸದಕ್ಕಿಂತ ಹೆಚ್ಚು ಕೊಳಕು ಉಗುಳುತ್ತದೆ. ಅದನ್ನು ದಿನಾ ಸಿಲ್ಕ್ ಬೋರ್ಡ್ ದಾಟಿಸಿ ಆಫೀಸಿಗೆ ಒಯ್ಯುವುದು ಸಲ್ಲ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮವೂ ಇದೇ ಧಾಟಿಯದು. ಐವತ್ತು ತುಂಬಿದ, ಮೂಲ ರೂಪದಲ್ಲಿರುವ ಗಾಡಿಗೆ ವಿಂಟೇಜ್ ಎಂದು ಹತ್ತು ವರ್ಷಕ್ಕೆ ನೋಂದಣಿ, ನಂಬರಿನಲ್ಲಿ ವಿಎ ಎಂಬ ಅಕ್ಷರ; ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ ರಸ್ತೆಗಿಳಿಸಬಹುದು, ನಿತ್ಯದ ಓಡಾಟಕ್ಕಲ್ಲ. ಐವತ್ತು ತುಂಬದ ಗಾಡಿಗಳಿಗೆ ಐದೈದು ವರ್ಷಕ್ಕೊಮ್ಮೆ ಮರುನೋಂದಣಿ. ಕಾರಿಗೆ 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. ಹಳೆಯದನ್ನು ಉಳಿಸಿಕೊಳ್ಳುವವರು ಸ್ವಲ್ಪ ಹೆಚ್ಚು ಕೊಡಲಿ, ಕಡಿಮೆ ಓಡಿಸಲಿ. ನನಗೆ ಅದರಲ್ಲಿ ಅನ್ಯಾಯ ಕಾಣುವುದಿಲ್ಲ.

ರಾಯರ ಗಾಡಿಗೆ ನೆಲ ಬಂತು. ಬೋರಿಂಗ್ ಮುಗಿಸಿದ ಇಂಜಿನ್ ಒಂದು ಸಂಜೆ ಸ್ಟ್ಯಾಂಡಿನ ಮೇಲೆಯೇ ಸ್ಟಾರ್ಟ್ ಆಯಿತು. ಬೀದಿಯ ಮಕ್ಕಳೆಲ್ಲ ಗೇಟಿಗೆ ಬಂದು ನಿಂತರು, ರಾಯರ ಕಣ್ಣು ಒದ್ದೆಯಾಗಿತ್ತು. ಆಮೇಲೆ ಅವರ ಮಂಡಿ ಕೈಕೊಟ್ಟಿತು. ಗಾಡಿಯಡಿ ಮಲಗಿ ಏಳುವುದು ಆಗದಾಯಿತು. ಭಾಯ್‌ಗೂ ಕಣ್ಣಿನ ಪೊರೆ. ಮಗ ಹೊರದೇಶದಲ್ಲಿ, ಅವನಿಗೆ ಇದರಲ್ಲಿ ಆಸಕ್ತಿಯಿಲ್ಲ. ಕೆಲಸ ನಿಂತಿತು. ಮತ್ತೆ ಕವರ್ ತರಿಸುವ ಮಾತು ಬಂದಾಗ ರಾಯರು ಬೇಡ ಎಂದರು.

ಆ ಒಂದು ಮಾತಿಗೆ ನಾನು ಅವರನ್ನು ತುಂಬ ಗೌರವಿಸುತ್ತೇನೆ. ಅರ್ಧಕ್ಕೆ ಬಿಟ್ಟರು ಎಂದು ಆಡಿಕೊಂಡವರಿದ್ದರು. ಹಿಡಿದ ಕೆಲಸ ಮುಗಿಸಲೇಬೇಕು ಎಂಬ ಪಾಠ ಕೇಳಿ ಬೆಳೆದವರು ನಾವು. ಒಳ್ಳೆಯ ಪಾಠವೇ. ಆದರೆ ನಾನೇ ಮುಗಿಸಬೇಕು ಎಂಬ ಹಟ ಅದರೊಳಗೆ ನುಸುಳಿದಾಗ ಕೆಲಸಕ್ಕಿಂತ ನಾನು ದೊಡ್ಡದಾಗಿ, ಕೆಲಸ ಕೊಳೆಯುತ್ತದೆ. ನಮ್ಮ ಕೈಲಾದಷ್ಟನ್ನು ಮಾಡಿ, ಮುಂದಿನದನ್ನು ಮಾಡಬಲ್ಲವರ ಕೈಗೆ ಒಪ್ಪಿಸುವುದರಲ್ಲಿ ಸೋಲೇನಿದೆ? ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿದವರು ಯೋಚಿಸಲಿ: ಅಲ್ಲಿರುವ ಎಷ್ಟೋ ಗಾಡಿಗಳು ಹಿಂದೆ ಯಾರದೋ ಮನೆಯವಾಗಿದ್ದವು.

ಗುಜರಿಯವರು ಬಂದು ಬೆಲೆ ಕಟ್ಟಿ ಹೋದರು. ಸಿನಿಮಾ ಶೂಟಿಂಗಿಗೆ ಬೇಕೆಂದು ಒಬ್ಬರು ಹೆಚ್ಚಿನ ಬೆಲೆಗೇ ಕೇಳಿದರು. ರಾಯರು ಕೊಟ್ಟದ್ದು ಜೆ.ಪಿ. ನಗರದ ಒಬ್ಬ ಹುಡುಗಿಗೆ. ತಾತನ ಯೆಜ್ಡಿ ಬೈಕನ್ನು ತಾನೇ ಬಿಚ್ಚಿ, ಕೂಡಿಸಿ, ಓಡಿಸುವವಳು. ಆ ಬೈಕು ತಯಾರಾದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ, ಬಹುಶಃ ಅವಳು ಹುಟ್ಟುವ ಮೊದಲೇ. ಗಾಡಿ ನೋಡಲು ಬಂದವಳು ಬಣ್ಣದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಟಾರ್ಚ್ ಹಿಡಿದು ನೆಲಕ್ಕೆ ಮಲಗಿ, ಕೆಳಗಿನ ವೆಲ್ಡಿಂಗ್ ಸಾಲನ್ನು ಬೆರಳಲ್ಲಿ ಮುಟ್ಟುತ್ತ ಉದ್ದಕ್ಕೂ ಹೋದಳು. ಎದ್ದು, "ಯಾರು ಅಂಕಲ್ ಮಾಡಿದ್ದು? ಅವರ ನಂಬರ್ ಕೊಡಿ" ಎಂದಳು. ಭಾಯ್‌ಗೆ ಆ ಸುದ್ದಿ ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಅವಳು ಕೊಡುತ್ತೇನೆಂದದ್ದು ರಾಯರು ಖರ್ಚು ಮಾಡಿದ್ದರ ಒಂದು ಪಾಲೂ ಅಲ್ಲ. ಅವರು ಚೌಕಾಸಿ ಮಾಡಲಿಲ್ಲ. ವರ್ಗಾವಣೆಯ ಕಾಗದಗಳಿಗೆ ಸಹಿ ಹಾಕಿ, ತಂದೆಯ ಹೆಸರಿದ್ದ ಹಳೆಯ ಆರ್‌ಸಿ ಪುಸ್ತಕದ ಒಂದು ಜೆರಾಕ್ಸ್ ತಮಗಿಟ್ಟುಕೊಂಡರು. ಗಾಡಿ ಟೋ ಮಾಡಿಸಿಕೊಂಡು ಹೋಗುವಾಗ ಡಬ್ಬಗಳನ್ನೆಲ್ಲ ಅವಳೇ ಎಣಿಸಿ ಹಿಂದಿನ ಸೀಟಿನ ಜಾಗದಲ್ಲಿ ಜೋಡಿಸಿಕೊಂಡಳು.

ಈಗ ಕೆಲವು ಭಾನುವಾರ ರಾಯರಿಗೆ ಫೋನ್ ಬರುತ್ತದೆ. ಮೊನ್ನೆ ನಾನು ಅಲ್ಲೇ ಕೂತಿದ್ದೆ.

"ಅಂಕಲ್, 'ಹಿಂದಿನ ಎಡ ಬಾಗಿಲು' ಅಂತ ಬರೆದ ಡಬ್ಬದಲ್ಲಿ ಐದೇ ಸ್ಕ್ರೂ ಇದೆ. ಬಾಗಿಲಲ್ಲಿ ತೂತು ಆರು."

"ಆರನೇದು ನಮ್ಮಪ್ಪನ ಕಾಲದಿಂದಲೂ ಇರಲಿಲ್ಲಮ್ಮ. ನೀನು ಹೊಸದು ಹಾಕು."

"ಸೈಜು ಅದೇ ಅಲ್ವಾ?"

"ಅದೇ. ಜೆ.ಸಿ. ರಸ್ತೇಲಿ ಸಿಗುತ್ತೆ, ಒಂದು ಸ್ಕ್ರೂ ಕೈಯಲ್ಲಿ ತಗೊಂಡು ಹೋಗಿ ತೋರಿಸು. ಬ್ರೇಕಿನ ಪೈಪು ಬಂತಾ?"

ಬಂದಿತ್ತು. ನಾಲ್ಕೂ ಚಕ್ರದ ಸಿಲಿಂಡರ್ ಬಿಚ್ಚಿ ಹೊಸ ಕಿಟ್ ಹಾಕುವುದಿದೆ, ವೈರಿಂಗ್ ಇನ್ನೂ ಶುರುವಾಗಿಲ್ಲ. ಕಣ್ಣಿನ ಆಪರೇಷನ್ ಮುಗಿದ ಮೇಲೆ ಭಾಯ್ ಒಂದು ದಿನ ಜೆ.ಪಿ. ನಗರಕ್ಕೆ ಹೋಗಿ ಬ್ರೇಕಿನ ಕೆಲಸ ತೋರಿಸಿಕೊಡಲು ಒಪ್ಪಿದ್ದಾರೆ.